ಪ್ರೆಸ್ಸಣ್ಣನ ತೊಂಬತ್ತು ದಿನ

ಕೆಲಸ ಕೊಡಿಸುವವರು ಅಂದರೆ ಜನ ಕೈ ಮುಗಿಯುತ್ತಾರೆ. ಮೊದಮೊದಲು ನನಗೂ ಹಿತವಾಗಿರುತ್ತಿತ್ತು. ಈಗ ಯಾರಾದರೂ ಕೈ ಮುಗಿದರೆ ಎದ್ದು ಹೋಗಿಬಿಡೋಣ ಅನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಪ್ರೆಸ್ಸಣ್ಣನ ವಿಷಯ ಹೇಳಬೇಕು. ನನ್ನ ಮಾನ ಉಳಿಯೋ ಹಾಗೆ ಹೇಳೋಕೆ ಮೂರು ಸಲ ನೋಡಿದೆ, ಆಗಲಿಲ್ಲ. ಇನ್ನು ನಡೆದದ್ದು ನಡೆದ ಹಾಗೇ ಹೇಳಿಬಿಡ್ತೀನಿ.

ನಮ್ಮದೊಂದು ಸೇವಾಸಂಸ್ಥೆ. ಟೈರ್ ಅಂಗಡಿಯ ಮೇಲೆ ಎರಡನೇ ಮಹಡಿ, ಮೂರು ಕೋಣೆ, ಒಂದು ನಲ್ಲಿ. ಕೆಲಸ ಕಳಕೊಂಡವರು, ಕೆಲಸವೇ ಸಿಗದವರು, ಸಿಕ್ಕಿದ್ದನ್ನು ಉಳಿಸಿಕೊಳ್ಳೋಕೆ ಬಾರದವರು ಅಲ್ಲಿಗೆ ಬರುತ್ತಾರೆ. ಅವರ ಬಯೋಡೇಟಾ ಬರೆಯುವುದು, ಅರ್ಜಿ ತುಂಬುವುದು, ಸಂದರ್ಶನದಲ್ಲಿ ಹೇಗೆ ಕೂರಬೇಕು, ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಹೇಳಬಾರದು ಅಂತ ಕಲಿಸುವುದು ನನ್ನ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕೆಲಸ ಸಿಕ್ಕ ಮೇಲೂ ಬಿಡುವುದಿಲ್ಲ, ತೊಂಬತ್ತು ದಿನ ಆಗುವವರೆಗೆ ಪ್ರತಿ ಸೋಮವಾರ ಫೋನ್ ಮಾಡಿ ವಿಚಾರಿಸುತ್ತೇನೆ. ತೊಂಬತ್ತು ದಾಟಿದರೆ ಕಂಪನಿಯವರು ಕಾಯಂ ಮಾಡುತ್ತಾರೆ, ನಾವು ಅವರನ್ನು 'ನೆಲೆ ನಿಂತವರು' ಅಂತ ಬರೆದುಕೊಳ್ಳುತ್ತೇವೆ. ಎಂಬತ್ತೊಂಬತ್ತನೇ ದಿನ ಬಿಟ್ಟುಬಂದವರು ನಮ್ಮ ಪಾಲಿಗೆ ಇಲ್ಲವೇ ಇಲ್ಲ. ನಮ್ಮನ್ನು ಸಾಕುವ ದೊಡ್ಡ ಮನುಷ್ಯರು ವರ್ಷಕ್ಕೊಮ್ಮೆ ಬಂದು ಕೇಳುವುದು ಅದೊಂದೇ ಪ್ರಶ್ನೆ, ತೊಂಬತ್ತು ದಾಟಿದವರು ಎಷ್ಟು ಜನ ಅಂತ. ಹೀಗಾಗಿ ಕ್ಲಾಸಿನಲ್ಲಿ ಒಂದು ಮಾತನ್ನು ನಾನು ಗಿಣಿಪಾಠ ಮಾಡಿಸುತ್ತಿದ್ದೆ. ತೊಂಬತ್ತು ದಿನ ಆಗೋವರೆಗೆ 'ನನ್ನ ಕೈಲಾಗಲ್ಲ' ಅನ್ನೋ ಮಾತು ಬಾಯಲ್ಲಿ ಬರಬಾರದು. ಎಲ್ಲರೂ ಒಟ್ಟಿಗೆ ಹೇಳಬೇಕು, ಮಕ್ಕಳ ಹಾಗೆ. ದೊಡ್ಡ ದೊಡ್ಡ ಮೀಸೆಯವರೂ ಹೇಳುತ್ತಿದ್ದರು.

ಅವರು ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನಿನ್ನೂ ಬೀಗ ತೆಗೆಯುತ್ತಿದ್ದೆ, ಮೆಟ್ಟಿಲ ಮೇಲೆ ಕೂತಿದ್ದವರು ಎದ್ದು ನಿಂತರು. ನಲವತ್ತೊಂಬತ್ತು ವಯಸ್ಸು, ಒಣಕಲು ಮೈ, ಇಸ್ತ್ರಿ ಹಾಕಿದ ಅಂಗಿ, ಉಗುರಿನ ಸಂದಿಯಲ್ಲಿ ತಿಕ್ಕಿದರೂ ಹೋಗದ ಕಪ್ಪು. ಆ ಕಪ್ಪು ನೋಡಿಯೇ ಕೇಳಿದೆ, "ಯಾವ ಪ್ರೆಸ್ಸಲ್ಲಿದೀರಿ?"

"ಯಾವ ಪ್ರೆಸ್ಸಲ್ಲಿದ್ರಿ ಅಂತ ಕೇಳಿ ಮೇಡಂ," ಅಂದರು.

ಹದಿನಾಲ್ಕನೇ ವಯಸ್ಸಿಗೆ ಅಪ್ಪ ತೀರಿಕೊಂಡ ಮೇಲೆ ಪ್ರೆಸ್ಸಿನ ಕಸ ಗುಡಿಸೋಕೆ ಸೇರಿದವರು. ಆಮೇಲೆ ಮೊಳೆ ಜೋಡಿಸುವುದು ಕಲಿತರು. ಸೀಸದ ಅಕ್ಷರದ ಮೊಳೆ, ಒಂದೊಂದಾಗಿ ಆರಿಸಿ, ತಲೆಕೆಳಗಾಗಿ, ಉಲ್ಟಾ ಜೋಡಿಸಬೇಕು. ಮೊಳೆಯ ಕಾಲ ಹೋಗಿ ದೊಡ್ಡ ಮಷಿನ್ ಬಂದಾಗ ಮಷಿನ್ ಓಡಿಸುವುದನ್ನೂ ಕಲಿತರು. ಒಂದೇ ಪ್ರೆಸ್ಸು, ಮೂವತ್ತನಾಲ್ಕು ವರ್ಷ. ಮದುವೆ ಪತ್ರ, ಶಾಲೆಯ ಮಾರ್ಕ್ಸ್ ಕಾರ್ಡು, ಔಷಧಿ ಅಂಗಡಿಯ ಚೀಟಿ, ಶ್ರದ್ಧಾಂಜಲಿ. "ಈ ಊರಲ್ಲಿ ಅರ್ಧ ಜನರ ಮದುವೆ, ಅರ್ಧ ಜನರ ಸಾವು ನನ್ನ ಕೈ ಮೇಲೇ ಆಗಿರೋದು ಮೇಡಂ. ಒಂದು ಸಲ ಎರಡೂ ಅದಲುಬದಲಾಗೋದ್ರಲ್ಲಿತ್ತು, ನಾನೇ ಹಿಡಿದೆ," ಅಂತ ನಗುತ್ತಿದ್ದರು. ಯಜಮಾನರು ಹೋದರು, ಮಕ್ಕಳು ಮಷಿನ್ನನ್ನು ತೂಕಕ್ಕೆ ಹಾಕಿದರು. ಒಂದು ದಿನ ಬೆಳಿಗ್ಗೆ ಹೋದರೆ ಬಾಗಿಲಿಗೆ ಹೊಸ ಬೀಗ.

ಮನೆಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ ಪುಣ್ಯಾತ್ಮ. ನಾಳೆ ಬೇರೆ ಕೆಲಸ ಹಿಡಿದು ಹೇಳೋಣ ಅಂದುಕೊಂಡರಂತೆ, ಆ ನಾಳೆ ನಾಲ್ಕು ತಿಂಗಳಾಯಿತು. ದಿನಾ ಎಂಟೂವರೆಗೆ ಬುತ್ತಿ ತಗೊಂಡು ಹೊರಡುವುದು, ದೊಡ್ಡಾಸ್ಪತ್ರೆಯಲ್ಲಿ ರೋಗಿಗಳು ಕಾಯುವ ಬೆಂಚಿನ ಮೇಲೆ ಕೂರುವುದು. ಅಲ್ಲಿ ಯಾರೂ ಯಾಕೆ ಕೂತಿದ್ದೀಯ ಅಂತ ಕೇಳುವುದಿಲ್ಲವಂತೆ. ಸಂಜೆ ಮನೆಗೆ ಹೋಗುವ ಮೊದಲು ಜೇಬಿನಲ್ಲಿದ್ದ ಹಳೇ ಶಾಯಿಯ ಡಬ್ಬಿಯಿಂದ ಬೆರಳಿಗೆ ಒಂದಿಷ್ಟು ಬಳಿದುಕೊಳ್ಳುವುದು. ಇದನ್ನು ಅವರೇ ನನಗೆ ಹೇಳಿದ್ದು, ಮೊದಲ ದಿನವೇ, ತಲೆ ತಗ್ಗಿಸಿಕೊಂಡು. ಕೇಳಿ ನನಗೆ ಸಿಟ್ಟೇ ಬಂತು. ಇಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ಪಟ್ಟ ಶ್ರಮದಲ್ಲಿ ಅರ್ಧ ಪಟ್ಟಿದ್ದರೆ ಎರಡು ಕೆಲಸ ಸಿಗುತ್ತಿತ್ತಲ್ರೀ ಅಂದೆ. "ನನ್ನ ಹೆಂಡತೀನೂ ಅದನ್ನೇ ಹೇಳಿದ್ಲು," ಅಂದರು.

ಹೆಂಡತಿಗೆ ಗೊತ್ತಾದದ್ದು ಮಗಳಿಂದ. ಹನ್ನೆರಡು ವರ್ಷದ ಹುಡುಗಿ, ಶಾಲೆಯಲ್ಲಿ ಜ್ವರ ಬಂದು ಮಲಗಿದಳು. ತಾಯಿ ಗಂಡನನ್ನು ಕರೆಯೋಕೆ ಪ್ರೆಸ್ಸಿಗೆ ಓಡಿದರೆ ಅಲ್ಲಿ ಚಪ್ಪಲಿ ಅಂಗಡಿ. ಪ್ರೆಸ್ಸು ಮುಚ್ಚಿ ಎಷ್ಟೋ ಕಾಲ ಆಯ್ತಲ್ಲ ಅಕ್ಕ ಅಂತ ಅಂಗಡಿಯವನು ಹೇಳಿದ. ಅವಳು ಕೂಗಾಡಲಿಲ್ಲವಂತೆ. ಮಗಳ ಜ್ವರ ಇಳಿದ ಮೇಲೆ ಎರಡು ಚೀಲ ಕಟ್ಟಿಕೊಂಡು, ಬಸ್ಸಿನಲ್ಲಿ ಎರಡು ಗಂಟೆ ದೂರದ ಅಣ್ಣನ ಮನೆಗೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು. "ಅರ್ಧ ಹೊಟ್ಟೆ ಉಂಡು ಇರ್ತೀನಿ, ಅದಕ್ಕೆ ನಾನು ಹೆದರಿಲ್ಲ. ದಿನಾ ನನ್ನ ಮುಖ ನೋಡಿ ಸುಳ್ಳು ಹೇಳೋರ ಜೊತೆ ಇರಲ್ಲ. ಒಂದು ಕೆಲಸ ಹಿಡೀರಿ, ಮೂರು ತಿಂಗಳು ನಿಂತು ತೋರಿಸಿ, ಏನೂ ಮುಚ್ಚಿಡಬೇಡಿ. ಬರ್ತೀನಿ."

ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಹೆಂಡತಿ ಮಗಳು ಮನೆಗೆ ವಾಪಸ್ ಬರುವುದು. ಅದಕ್ಕೆ ತೊಂಬತ್ತು ದಿನ. ನಮ್ಮ ತೊಂಬತ್ತೂ ಅವಳ ಮೂರು ತಿಂಗಳೂ ಒಂದೇ ಆಗಿಬಿಟ್ಟಿತ್ತು.

"ಇನ್ನೊಂದು ವಿಷಯ ಇದೆ ಮೇಡಂ," ಅಂದರು ಆವತ್ತೇ. "ಈ ಸಲ ಯಾರ ಹತ್ರಾನೂ ಮುಚ್ಚಿಡಲ್ಲ ಅಂತ ಮಾತು ಕೊಟ್ಟಿದೀನಿ, ಅದಕ್ಕೇ ಮೊದಲೇ ಹೇಳ್ತೀನಿ. ನನಗೆ ಎಡಗಿವಿ ಪೂರ್ತಿ ಹೋಗಿದೆ. ಮಷಿನ್ನಿನ ಸದ್ದು ತಿಂದುಬಿಡ್ತು. ಬಲಗಿವಿ ಪರವಾಗಿಲ್ಲ. ನೀವು ಆ ಕಡೆ ಕೂತು ಪಾಠ ಮಾಡಿದ್ರೆ ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೇ. ಈ ಕಡೆ ಬನ್ನಿ."

ನಾನು ಕುರ್ಚಿ ಎತ್ತಿಕೊಂಡು ಆ ಕಡೆ ಹೋದೆ. ಹೋಗಿ ಕೂತು, ಕಿವಿ ಕೇಳಿಸದ್ದನ್ನು ಮುಚ್ಚಿಡುವುದು ಹೇಗೆ ಅಂತ ಹದಿನೈದು ದಿನ ಕಲಿಸಿದೆ. ನನ್ನ ವಿದ್ಯೆಯೇ ಅದು. ಕೋಣೆಗೆ ಹೋದ ತಕ್ಷಣ ಮಾತಾಡುವವರು ಬಲಕ್ಕೆ ಬರುವ ಹಾಗೆ ಕುರ್ಚಿ ಆರಿಸಿಕೊಳ್ಳಿ. ತುಟಿ ನೋಡಿ. ಪ್ರಶ್ನೆಯನ್ನು ಒಂದು ಸಲ ನೀವೇ ತಿರುಗಿ ಹೇಳಿ, ಗಮನ ಇಟ್ಟು ಕೇಳುವವರು ಅಂದುಕೊಳ್ಳುತ್ತಾರೆ. ಕೇಳಿಸದಿದ್ದರೆ 'ಆಂ?' ಅನ್ನಬೇಡಿ, 'ಸ್ವಲ್ಪ ಬಿಡಿಸಿ ಹೇಳ್ತೀರಾ ಸರ್' ಅನ್ನಿ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಕಲಿತರು. ಕ್ಲಾಸಿನ ಹುಡುಗಿಯರು ಅವರಿಗೆ ಪ್ರೆಸ್ಸಣ್ಣ ಅಂತ ಹೆಸರಿಟ್ಟರು. ಯಾವ ಕಾಗದ ಕೊಟ್ಟರೂ ಹೆಬ್ಬೆರಳಲ್ಲಿ ಸವರಿ, ಇದು ಇಷ್ಟು ದಪ್ಪ, ಇದು ಅಗ್ಗದ್ದು, ಇದರ ಮೇಲೆ ಶಾಯಿ ಹರಡುತ್ತೆ ಅಂತ ಹೇಳೋರು. ಅವರ ಬಯೋಡೇಟಾದಲ್ಲೇ ನಾನು ಮಾಡಿದ್ದ ಎರಡು ತಪ್ಪು ಹಿಡಿದುಕೊಟ್ಟರು. ಮೈ ಉರಿಯಿತು, ಆದರೆ ಮನುಷ್ಯ ಹಿಡಿಸಿದ.

ಊರಾಚೆ ಒಂದು ದೊಡ್ಡ ಗೋದಾಮು ಇದೆ. ದೇಶದ ಮೂಲೆಮೂಲೆಗೆ ಹೋಗುವ ಪಾರ್ಸಲ್ಲುಗಳೆಲ್ಲ ಅಲ್ಲಿಗೆ ಬಂದು ಹೋಗುತ್ತವೆ. ನಮ್ಮಲ್ಲಿ ಕಲಿತವರು ಮೂವತ್ತೊಂದು ಜನ ಅಲ್ಲಿ ಕೆಲಸಕ್ಕಿದ್ದರು. ಆ ಕಂಪನಿ ನಮ್ಮವರನ್ನು ಕಣ್ಣು ಮುಚ್ಚಿಕೊಂಡು ತಗೊಳ್ಳುತ್ತಿದ್ದದ್ದು ಒಂದೇ ಕಾರಣಕ್ಕೆ. ಅರ್ಜಿಯನ್ನು ನಾವೇ ತುಂಬಿ, ಇದರಲ್ಲಿರುವುದೆಲ್ಲ ವಿಚಾರಿಸಿ ಬರೆದದ್ದು ಅಂತ ಕೆಳಗೆ ನಾವೇ ರುಜು ಹಾಕಿ ಕೊಡುತ್ತಿದ್ದೆವು. ಅಲ್ಲಿ ಪಾರ್ಸಲ್ ಚೀಟಿ ತಪಾಸಣೆ ಮಾಡುವ ಜಾಗ ಖಾಲಿ ಇತ್ತು. ತಪ್ಪು ವಿಳಾಸ ಹಿಡಿಯುವ ಕೆಲಸ. ಪ್ರೆಸ್ಸಣ್ಣನಿಗೆ ಹೇಳಿ ಮಾಡಿಸಿದ ಹಾಗಿತ್ತು, ಬೆಂಚಿನ ಮುಂದೆ ಕೂತು ಮಾಡುವುದು, ಕಿವಿಯ ಹಂಗೇ ಇಲ್ಲ.

ಅರ್ಜಿ ತುಂಬೋಕೆ ಕೂತೆ. ಎದುರಿಗೆ ಅವರು. ಹನ್ನೊಂದನೇ ಪ್ರಶ್ನೆ, ದೃಷ್ಟಿ ಅಥವಾ ಶ್ರವಣದ ತೊಂದರೆ ಇದೆಯೇ? ನಾನು 'ಇಲ್ಲ' ಅಂತ ಬರೆದು ಹನ್ನೆರಡಕ್ಕೆ ಹೋದೆ.

ಮೂವತ್ತನಾಲ್ಕು ವರ್ಷ ಅಕ್ಷರವನ್ನು ಉಲ್ಟಾ ಓದಿದ ಮನುಷ್ಯ. ಮೇಜಿನ ಆ ಕಡೆಯಿಂದ ತಲೆಕೆಳಗಾಗಿಯೇ ಓದಿಬಿಟ್ಟರು. "ಮೇಡಂ, ಇಲ್ಲ ಅಂತ ಬರೆದ್ರಲ್ಲ."

"ಹೌದು, ಬರೆದೆ. ಇದೆ ಅಂತ ಬರೆದ್ರೆ ಈ ಕಾಗದ ನೇರ ಕಸದ ಬುಟ್ಟಿಗೆ. ಚೀಟಿ ಓದೋಕೆ ಕಿವಿ ಯಾಕ್ರೀ ಬೇಕು?"

"ಅವಳಿಗೆ ಮಾತು ಕೊಟ್ಟಿದೀನಿ..."

"ನೀವೆಲ್ಲಿ ಮುಚ್ಚಿಟ್ರಿ? ನನಗೆ ಹೇಳಿದ್ರಲ್ಲ. ಬರೆದಿದ್ದು ನಾನು. ತೊಂಬತ್ತು ದಿನ ಆಗಲಿ, ಕಾಯಂ ಆದ ಮೇಲೆ ನಾನೇ ಬಂದು ಹೇಳ್ತೀನಿ. ರುಜು ಹಾಕಿ."

ಹಾಕಿದರು. ಕೆಳಗೆ ನಾನು ಹಾಕಿದೆ. ಆ ತಿಂಗಳಲ್ಲಿ ನನ್ನ ನಾಲ್ಕನೇ ಸುಳ್ಳು ಅರ್ಜಿ ಅದು. ಒಬ್ಬಳ ಬೆನ್ನುನೋವು, ಒಬ್ಬನ ಹಳೇ ಜೈಲುವಾಸ, ಒಬ್ಬಳ ಐದು ತಿಂಗಳ ಬಸಿರು, ಎಲ್ಲವನ್ನೂ ಒಂದೊಂದು ಪದದಲ್ಲಿ ಅಳಿಸಿದ್ದೆ. ಹೀಗೆ ಅಳಿಸಿದ್ದರಿಂದಲೇ ಎಷ್ಟೋ ಒಲೆ ಉರಿದಿವೆ, ಅದೂ ಸುಳ್ಳಲ್ಲ.

ಕೆಲಸ ಸಿಕ್ಕಿತು. ಸೋಮವಾರದ ಫೋನು ಶುರುವಾಯಿತು. "ಹೇಗಿದೀರಿ ಪ್ರೆಸ್ಸಣ್ಣ?" "ಚೆನ್ನಾಗಿದೀನಿ ಮೇಡಂ, ಏಳನೇ ದಿನ." "ಚೆನ್ನಾಗಿದೀನಿ ಮೇಡಂ, ಇಪ್ಪತ್ತೊಂದನೇ ದಿನ." ದಿನ ಎಣಿಸಿ ಹೇಳೋರು. ಭಾನುವಾರ ಬಸ್ಸು ಹತ್ತಿ ಹೆಂಡತಿಯ ಅಣ್ಣನ ಮನೆಗೆ ಹೋಗಿ ಬರೋರು. ಒಳಗೆ ಕರೆಯುತ್ತಿರಲಿಲ್ಲವಂತೆ, ಜಗಲಿಯ ಮೇಲೆ ಕೂರಿಸಿ ಮಾತಾಡಿಸೋಳು. ಕಿವಿ ವಿಷಯ ಹೇಳಿದ್ರಾ ಅಂತ ಮೊದಲ ಭಾನುವಾರವೇ ಕೇಳಿದಳಂತೆ. "ಸಂಸ್ಥೆ ಮೇಡಂಗೆ ಮೊದಲನೇ ದಿನವೇ ಹೇಳಿದೀನಿ ಅಂದೆ. ಆವತ್ತು ಕುಡಿಯೋಕೆ ನೀರು ತಂದುಕೊಟ್ಲು ಮೇಡಂ," ಅಂತ ಫೋನಿನಲ್ಲಿ ಹೇಳಿಕೊಂಡರು. ಐವತ್ತು ದಿನ ಆಗುವ ಹೊತ್ತಿಗೆ ಒಳಗೆ ಕೂತು ಊಟ ಮಾಡಿ ಬಂದರು. ಮಗಳು ಈ ಊರಿನ ಶಾಲೆಗೆ ಮತ್ತೆ ಸೇರುವ ಅರ್ಜಿ ತರೋಕೆ ಹೆಂಡತಿಯೇ ಹೇಳಿದ್ದಳು. ಅವರು ತಂದುಕೊಂಡು, ಅದರ ಕಾಗದ ಕಳಪೆ ಅಂತ ನನಗೆ ವರದಿ ಒಪ್ಪಿಸಿದರು.

ಅರವತ್ತೆಂಟನೇ ದಿನ ಅವರನ್ನು ಬೆಂಚಿನಿಂದ ಎಬ್ಬಿಸಿ ಲಾರಿಗಳು ಬಂದು ನಿಲ್ಲುವ ಅಂಗಳಕ್ಕೆ ಹಾಕಿದರು. ಯಾರೋ ರಜೆ ಮೇಲಿದ್ದರು. ಅಂಗಳದಲ್ಲಿ ಪಾರ್ಸಲ್ ರಾಶಿ ಎತ್ತಿಕೊಂಡು ಓಡಾಡುವ ಗಾಡಿಗಳಿವೆ, ಫೋರ್ಕ್‌ಲಿಫ್ಟ್ ಅನ್ನುತ್ತಾರೆ. ಮುಂದೆ ರಾಶಿ ತುಂಬಿದ್ದರೆ ಓಡಿಸುವವನಿಗೆ ದಾರಿ ಕಾಣುವುದಿಲ್ಲ, ಹಾಗಾಗಿ ಹಿಂದಕ್ಕೇ ಓಡಿಸುತ್ತಾನೆ, ಆಗ ಗಾಡಿ ಪೀಪೀ ಅನ್ನುತ್ತದೆ. ಆ ಪೀಪೀ ಕೇಳಿ ಜನ ಪಕ್ಕಕ್ಕೆ ಸರಿಯಬೇಕು.

ಎಪ್ಪತ್ತೇಳನೇ ದಿನ ಸೋಮವಾರ. ಆವತ್ತು ನಾನು ಹನ್ನೆರಡು ಜನರಿಗೆ ಫೋನ್ ಮಾಡಬೇಕಿತ್ತು, ಮಧ್ಯಾಹ್ನ ದೊಡ್ಡ ಮನುಷ್ಯರು ಬರುವವರಿದ್ದರು.

"ಮೇಡಂ, ಒಂದು ಮಾತು ಕೇಳ್ಬೇಕಿತ್ತು. ಈ ಗಾಡಿ ಸದ್ದು ನನಗೆ ಕೇಳುತ್ತೆ. ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ. ಒಂದೇ ಕಿವಿ ನೋಡಿ, ಎಲ್ಲಾ ಸದ್ದೂ ಒಂದೇ ಕಡೆಯಿಂದ ಬಂದ ಹಾಗೆ. ಮೊನ್ನೆ ಹೆದರಿ ಸರಿದೆ, ಗಾಡಿ ಇದ್ದ ಕಡೆಗೇ ಸರಿದಿದ್ದೆ. ಡ್ರೈವರ್ ಬೈದ. ಸೂಪರ್‌ವೈಸರ್ ಒಳ್ಳೆಯವರು. ಅವರಿಗೆ ಹೇಳಿ ಬೆಂಚಿಗೆ ವಾಪಸ್ ಹೋಗ್ಲಾ?"

ನಾನು ಏನಂದೆ ಗೊತ್ತಾ? ಇನ್ನೂ ನನ್ನ ಕಿವಿಯಲ್ಲಿದೆ ನನ್ನ ದನಿ, ಅವಸರದ, ನಗು ಬೆರೆಸಿದ ದನಿ. "ಪ್ರೆಸ್ಸಣ್ಣ, ಹದಿಮೂರು ದಿನ. ಇಷ್ಟು ಈಜಿ ಬಂದು ದಡದ ಹತ್ರ ಮುಳುಗ್ತೀರಾ? ಈಗ ಬಾಯಿ ಬಿಟ್ರೆ ಅರ್ಜಿ ತೆಗೆದು ನೋಡ್ತಾರೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓಡಾಡಿ. ಹದಿಮೂರು ದಿನ ಬಾಯಿ ಮುಚ್ಚಿಕೊಂಡಿರಿ, ಸಾಕು."

"ಆಯ್ತು ಮೇಡಂ. ನೀವು ಹೇಳಿದ್ಮೇಲೆ ಮುಗೀತು," ಅಂದರು.

ಎಂಬತ್ತೊಂದನೇ ದಿನ, ಬೆಳಿಗ್ಗೆ ಹತ್ತೂಕಾಲಿಗೆ, ಹಿಂದಕ್ಕೆ ಬರುತ್ತಿದ್ದ ಗಾಡಿಯ ಸದ್ದು ಕೇಳಿ ಅವರು ಎಡಕ್ಕೆ ಸರಿದರು. ಗಾಡಿ ಎಡದಲ್ಲೇ ಇತ್ತು. ಎಡಗಾಲು ಚಕ್ರದಡಿ ಸಿಕ್ಕಿತು. ಆಸ್ಪತ್ರೆಯಲ್ಲಿ ಮಂಡಿಯಿಂದ ಕೆಳಗೆ ತೆಗೆದುಬಿಟ್ಟರು. ಸುದ್ದಿ ತಿಳಿದು ಅಯ್ಯೋ ಅಂದುಕೊಂಡೆ, ಬಾತ್ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ, ಮುಖ ತೊಳೆದು ಬಂದು ಸಂಜೆ ಬ್ಯಾಚಿಗೆ ಪಾಠ ಮಾಡಿದೆ. ಆವತ್ತು ಆಸ್ಪತ್ರೆಗೆ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಹೋದರೆ ಅವರ ಮುಖ ನೋಡಬೇಕಲ್ಲ.

ಹೋದವರು ನಮ್ಮ ಡೈರೆಕ್ಟರ್. ಕೆಟ್ಟವರಲ್ಲ ಅವರು, ಇಪ್ಪತ್ತು ವರ್ಷದಿಂದ ಆ ಸಂಸ್ಥೆಗಾಗಿ ಜೀವ ತೇದವರು. ಕಂಪನಿಯ ಅಧಿಕಾರಿ ಅವರನ್ನು ಕರೆಸಿ ನೇರವಾಗಿ ಹೇಳಿದ್ದ. ಡಾಕ್ಟರು ಕಿವಿಯದ್ದೂ ಬರೆದಿದ್ದಾರೆ. ಈ ಮನುಷ್ಯ ನಿಮಗೆ ಹೇಳಿದ್ದರೆ ತಪ್ಪು ನಿಮ್ಮದು. ಅವನು ಹೇಳಬೇಕಾದವರಿಗೆ ಹೇಳಿದ್ದಾನೆ, ಅವನ ಕೆಲಸ ಉಳಿಯುತ್ತದೆ, ಗೇಟಿನ ಹತ್ತಿರ ಕೂತು ಮಾಡುವ ಕೆಲಸ ಕೊಡ್ತೀವಿ. ನಿಮ್ಮವರನ್ನು ಮಾತ್ರ ಇನ್ನು ತಗೊಳ್ಳಲ್ಲ, ಇರುವ ಮೂವತ್ತೊಂದು ಜನರ ಅರ್ಜಿಯೂ ತೆಗೆದು ನೋಡ್ತೀವಿ. ನಿಮ್ಮಿಂದಲೂ ಮುಚ್ಚಿಟ್ಟಿದ್ದರೆ ಅವನು ಮೋಸ ಮಾಡಿದ್ದಾನೆ, ಅವನು ಮನೆಗೆ ಹೋಗ್ತಾನೆ, ನಿಮ್ಮ ನಮ್ಮ ಸಂಬಂಧ ಹಾಗೇ ಇರುತ್ತೆ.

ಡೈರೆಕ್ಟರ್ ಅಲ್ಲಿಂದ ನೇರ ಆಸ್ಪತ್ರೆಗೆ ಹೋದರು. ಮೂವತ್ತೊಂದು ಜನರ ವಿಷಯ ಹೇಳಿದರು. ಪ್ರೆಸ್ಸಣ್ಣ, "ನಮ್ಮ ಕ್ಲಾಸಿನ ಬೆನ್ನುನೋವಿನ ಹೆಣ್ಣುಮಗಳು ಅಲ್ಲೇ ಇದ್ದಾಳಲ್ವಾ ಸರ್?" ಅಂತ ಕೇಳಿದರಂತೆ. ಹೌದು ಅಂದಾಗ ಕಾಗದ ಕೊಡಿ ಅಂದರು. ನನಗೆ ಕಿವಿ ಕೇಳಿಸದ ವಿಷಯ ಸಂಸ್ಥೆಯವರಿಂದಲೂ ಮುಚ್ಚಿಟ್ಟಿದ್ದೆ ಅಂತ ತಾವೇ ಬರೆದು ರುಜು ಹಾಕಿದರು. ಇದನ್ನೆಲ್ಲ ಡೈರೆಕ್ಟರೇ ನನಗೆ ಹೇಳಿದ್ದು.

ಮಾರನೇ ದಿನ ಅಧಿಕಾರಿಯೇ ನಮ್ಮ ಆಫೀಸಿಗೆ ಬಂದ. ವಯಸ್ಸಿನಲ್ಲಿ ನನ್ನ ಮಗನಂಥವನು, ಒರಟನಲ್ಲ. ಅರ್ಜಿಯನ್ನು ಮೇಜಿನ ಮೇಲಿಟ್ಟು, "ಈ ಅಕ್ಷರ ನಿಮ್ಮದು. ಅವರು ನಿಮಗೆ ಹೇಳಿದ್ರಾ, ಇಲ್ವಾ ಮೇಡಂ?" ಅಂದ. ಡೈರೆಕ್ಟರ್ ಕಿಟಕಿಯ ಕಡೆ ನೋಡುತ್ತಿದ್ದರು.

ಆಗ ಮೂವತ್ತೊಂದು ಜನ ನೆನಪಾದರು, ಅವರಿಗೋಸ್ಕರ ಹೇಳಿದೆ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ನೆನಪಾದದ್ದು ಆಮೇಲೆ. ಮೊದಲು ನೆನಪಾದದ್ದು ನನ್ನ ಕುರ್ಚಿ, ಐವತ್ನಾಲ್ಕನೇ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಯಾರದೋ ಎದುರು ಅರ್ಜಿ ಹಿಡಿದು ಕೂರುವ ನಾನು.

"ಇಲ್ಲ, ಹೇಳಿರಲಿಲ್ಲ," ಅಂದೆ. ಅದನ್ನೇ ಬರೆದೂ ಕೊಟ್ಟೆ.

ಇಷ್ಟರ ಮಧ್ಯೆ ಹೆಂಡತಿ ಮಗಳು ಬಂದಿದ್ದರು. ಅಪಘಾತದ ಸುದ್ದಿ ಕೇಳಿದ ದಿನವೇ ಬಸ್ಸು ಹತ್ತಿ ಬಂದಿದ್ದಳಂತೆ. ರಾತ್ರಿ ಹಗಲು ಅವಳೇ ನೋಡಿಕೊಂಡಳು. ಮಗಳು ಮನೆ ಗುಡಿಸಿ ಅಡುಗೆ ಮಾಡಿ ತರುತ್ತಿದ್ದಳು. ಕಾಲು ಹೋದರೂ ಸಂಸಾರ ಒಂದಾಯಿತಲ್ಲ ಅಂತ ವಾರ್ಡಿನವರೆಲ್ಲ ಅಂದರಂತೆ. ನನಗೂ ಅದು ಕಿವಿಗೆ ಬಿದ್ದು, ನಾಚಿಕೆಗೆಟ್ಟವಳು, ಸ್ವಲ್ಪ ಸಮಾಧಾನ ಪಟ್ಟುಕೊಂಡೆ. ಆಮೇಲೆ ಕಂಪನಿಯ ಕಾಗದ ಬಂತು. ಸಂಸ್ಥೆಯಿಂದಲೂ ಕಂಪನಿಯಿಂದಲೂ ಸತ್ಯ ಮರೆಮಾಚಿದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಅದನ್ನು ಬಿಚ್ಚಿ ಓದಿದವಳು ಹೆಂಡತಿ.

ಆ ವಾರ ಭಾನುವಾರವೂ ಆಫೀಸು ತೆಗೆದು ಕೂತಿದ್ದೆವು. ಅವಳು ನಮ್ಮಲ್ಲಿಗೆ ಬಂದದ್ದು ಆವತ್ತು, ತೊಂಬತ್ತನೇ ದಿನ. ಅವಳಿಗದು ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಕುಳ್ಳಗಿನ ಹೆಂಗಸು, ನಿದ್ದೆಗೆಟ್ಟ ಕಣ್ಣು, ಮಡಚಿ ಮಡಚಿ ಸವೆದ ಆ ಕಾಗದ ಕೈಯಲ್ಲಿ. ಕೂತುಕೊಳ್ಳಿ ಅಂದೆ. ಕೂರಲಿಲ್ಲ.

"ಅಕ್ಕಾ, ನಾನು ಜಗಳಕ್ಕೆ ಬಂದಿಲ್ಲ. ಒಂದೇ ಒಂದು ಮಾತು ಕೇಳಿ ಹೋಗ್ತೀನಿ. ಕಿವಿ ವಿಷಯ ನಿಮಗೆ ಮೊದಲನೇ ದಿನವೇ ಹೇಳಿದೀನಿ ಅಂತ ಅವರು ನನ್ನ ಹತ್ರ ಹೇಳಿದ್ರು. ಈಗ ನೋಡಿದ್ರೆ ಮುಚ್ಚಿಟ್ಟಿದ್ದೆ ಅಂತ ಅವರದೇ ಕೈಬರಹ ಇದೆಯಂತೆ. ಕೇಳಿದ್ರೆ, ಅದು ಬೇರೆಯವರಿಗೋಸ್ಕರ ಬರೆದದ್ದು, ನಿಜವಾಗ್ಲೂ ಹೇಳಿದ್ದೆ ಅಂತಾರೆ. ನಾಲ್ಕು ತಿಂಗಳು ಬೆರಳಿಗೆ ಶಾಯಿ ಹಚ್ಕೊಂಡು ಬಂದ ಮನುಷ್ಯ ಅಕ್ಕ. ಯಾವುದನ್ನ ನಂಬಲಿ?"

ನಾನು ನೀರು ಕುಡಿದೆ. ಡೈರೆಕ್ಟರ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಹೇಳಿದ್ರು ಅಂತ ನೀವೊಂದು ಮಾತಂದ್ರೆ ಸಾಕು. ಕಾಲಿಲ್ಲದಿದ್ರೆ ಏನಾಯ್ತು, ನಾನು ದುಡೀತೀನಿ, ಜೀವ ಇರೋವರೆಗೂ ನೋಡ್ಕೋತೀನಿ. ಈ ಕಾಗದಾನೂ ಬಿಡಲ್ಲ, ನಿಮ್ಮನ್ನ ಕರ್ಕೊಂಡೇ ಕಂಪನಿ ಬಾಗಿಲಿಗೆ ಹೋಗ್ತೀನಿ. ಹೇಳಿಲ್ಲ ಅಂದ್ರೆ..." ಅವಳ ದನಿ ಅಲ್ಲಿ ಒಡೆಯಿತು. "ಅಣ್ಣ ನಾಳೆ ಬರ್ತಾನೆ. ಮಗಳನ್ನ ಕರ್ಕೊಂಡು ಹೊರಟುಹೋಗ್ತೀನಿ. ಗಾಯ ಮಾಗೋವರೆಗೆ ಅವರನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ. ನನ್ನಿಂದ ಇನ್ನು ಸಾಧ್ಯವಿಲ್ಲ. ಹೇಳಿ ಅಕ್ಕ. ಹೇಳಿದ್ರಾ?"

ಕಂಪನಿ ಬಾಗಿಲಿಗೆ ಅಂದಳಲ್ಲ, ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಬರೆದುಕೊಟ್ಟ ಕಾಗದ ಅಲ್ಲಿದೆ. ನುಂಗಲಾರದ ತುತ್ತು ಅಂತಾರೆ, ಅದನ್ನು ನಾನು ನುಂಗಿದೆ.

"ಇಲ್ಲಮ್ಮ," ಅಂದೆ. "ನನಗೆ ಹೇಳಿರಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ, ಕಣ್ಣು ತಪ್ಪಿಸದೆ ಮಾತಾಡುವುದನ್ನು ಜನರಿಗೆ ಕಲಿಸುವವಳು ನಾನು. ಅವಳು ನಿಧಾನವಾಗಿ ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಸರಿ ಅಕ್ಕ. ನಿಮ್ಮಂಥವರಿಗೂ ತೊಂದರೆ ತಂದುಬಿಟ್ರಲ್ಲ ಅವರು, ಕ್ಷಮಿಸಿ," ಅಂತ ಕೈ ಮುಗಿದು ಮೆಟ್ಟಿಲಿಳಿದಳು.

ಅವಳು ಕೆಳಗೆ ತಲುಪಿರಲಿಲ್ಲ, ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಪ್ರೆಸ್ಸಣ್ಣ. ಅಪಘಾತವಾದ ಮೇಲೆ ಅವರ ದನಿ ನಾನು ಕೇಳಿದ್ದು ಆಗಲೇ ಮೊದಲು.

"ಮೇಡಂ, ಕೆಲಸದ ಮಧ್ಯೆ ತೊಂದರೆ ಕೊಡ್ತಿದೀನಿ. ನನ್ನ ಹೆಂಡತಿ ನಿಮ್ಮ ಹತ್ರ ಹೊರಟಿದಾಳೆ, ಇನ್ನೇನು ಬರಬಹುದು. ನಾನು ಕಂಪನಿಗೆ ಬರೆದುಕೊಟ್ಟದ್ದು ಹಾಗೇ ಇರಲಿ, ಅದನ್ನ ಯಾರೂ ಬದಲಾಯಿಸೋದು ಬೇಡ. ಅವಳೊಬ್ಬಳಿಗೆ ಮಾತ್ರ ನಿಜ ಹೇಳಿಬಿಡಿ ಮೇಡಂ. ಅವಳು ಕಂಪನಿ ಗಿಂಪನಿ ಅಂತ ಕೂಗಾಡ್ತಾಳೆ, ಹೆದರಬೇಡಿ, ಅವಳನ್ನ ನಾನು ತಡೀತೀನಿ, ನನ್ನ ಮಾತು ಮೀರಲ್ಲ. ನೀವು ಹೇಳಿದ್ರೆ ನಂಬ್ತಾಳೆ. ನನಗೆ ಅಷ್ಟು ಸಾಕು."

ಕಿಟಕಿಯಿಂದ ನೋಡಿದರೆ ಅವಳು ರಸ್ತೆ ದಾಟುತ್ತಿದ್ದಳು.

"ಆಗಲಿ ಪ್ರೆಸ್ಸಣ್ಣ," ಅಂದೆ. "ಬಂದ್ರೆ ಹೇಳ್ತೀನಿ."

"ತುಂಬಾ ಉಪಕಾರ ಆಯ್ತು ಮೇಡಂ," ಅಂದರು.

ಫೋನು ಇಟ್ಟೆ. ಎದುರಿನ ಬಸ್ ಸ್ಟಾಪಿನಲ್ಲಿ ಅವಳು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಎರಡು ಮಹಡಿ ಇಳಿದು ರಸ್ತೆ ದಾಟಿದ್ದರೆ ಸಿಗುತ್ತಿದ್ದಳು. ಹತ್ತು ನಿಮಿಷ ನಿಂತಿದ್ದಳು, ನಾನು ನೋಡುತ್ತಲೇ ಇದ್ದೆ. ಆಮೇಲೆ ಬಸ್ಸು ಬಂತು.